ಎತ್ತಿಕೊಟ್ಟವರು

ಚಿಕ್ಕಮಗಳೂರಿನ ನಮ್ಮ ಕಾಲೇಜಿನ ವಾಲಿಬಾಲ್ ಟೀಮಿನಲ್ಲಿ ಅವರು ಲಿಫ್ಟರ್. ನೆಟ್ಟಿನ ಮೇಲೆ ಚೆಂಡು ಎತ್ತಿಕೊಡುವುದಷ್ಟೇ ಕೆಲಸ. ಅದನ್ನು ಹೊಡೆದು ಚಪ್ಪಾಳೆ ಗಿಟ್ಟಿಸುವ ಸ್ಮ್ಯಾಷರ್, ಈಗಿನ ನಮ್ಮ ಯಜಮಾನರು. ಕಾನ್ವೆಂಟಿನಲ್ಲಿ ಪಳಗಿದ ನಮ್ಮ ಬುದ್ಧಿಗೆ ಎತ್ತಿಕೊಟ್ಟವರನ್ನು ನೋಡಲು ಪುರಸೊತ್ತಿರಲಿಲ್ಲ.

ಫೈನಲ್ ನಡೆದದ್ದು ಬಣಕಲ್ಲಿನ ಒಂದು ಎಸ್ಟೇಟಿನ ಕಾಫಿ ಕಣದಲ್ಲಿ. ಯಜಮಾನರ ಭುಜ ಉಳುಕಿತ್ತು. ಲಿಫ್ಟರ್ ಪ್ರತಿ ಚೆಂಡನ್ನೂ ಬರೀ ಮುಟ್ಟಿದರೆ ಸಾಕೆನ್ನುವಂತೆ ಕೊಟ್ಟರು. “ವಾಟ್ ಎ ಸ್ಮ್ಯಾಶ್!” ಎಂದು ಕಿರುಚಿದವಳು ನಾನೇ.

ಮೊನ್ನೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಯಜಮಾನರಿಗೆ ಸನ್ಮಾನ. ಆ ಫೈನಲನ್ನು ತಾವೊಬ್ಬರೇ ಗೆದ್ದ ಕಥೆಯನ್ನು ಅರ್ಧ ಗಂಟೆ ಹೇಳಿದರು. ಲಿಫ್ಟರ್ ಕೊನೆಯ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು.

“ಇವತ್ತಾದ್ರೂ ಎದ್ದು ಹೇಳಿ ಮಾರಾಯ್ರೇ, ಇನ್ಯಾವಾಗ ಹೇಳೋದು?” ಎಂದೆ, ಅವರ ಪಕ್ಕಕ್ಕೆ ಹೋಗಿ.

“ಹೊಡ್ದೋನು ಅವನೇ ಅಲ್ವಾ ಮೇಡಂ,” ಎಂದರು, ಎಂದಿನಂತೆ.

ಆಮೇಲೆ ವೇದಿಕೆಯಲ್ಲಿ ಯಜಮಾನರಿಗೆ ಸನ್ಮಾನದ ಕಪ್ ಕೊಟ್ಟರು. “ಮೇಲಕ್ಕೆತ್ತಿ ಸರ್,” ಎಂದ ಫೋಟೋದವನು. ಫ್ರೋಜನ್ ಶೋಲ್ಡರಿನ ಕೃಪೆಯಿಂದ ಯಜಮಾನರ ಕೈ ಎದೆಯಿಂದ ಮೇಲೇಳಲಿಲ್ಲ. ಯಾರೋ ಕಿಸಕ್ಕೆಂದರು. ಲಿಫ್ಟರ್ ಮೆಲ್ಲಗೆ ವೇದಿಕೆ ಹತ್ತಿ, ಹಿಂದೆ ನಿಂತು, ಅವರ ಮೊಣಕೈಗೆ ಅಂಗೈ ಕೊಟ್ಟು ಎತ್ತಿದರು. ಭರ್ಜರಿ ಚಪ್ಪಾಳೆ.

ಆ ಫೋಟೋ ಈಗ ನಮ್ಮ ಡ್ರಾಯಿಂಗ್ ರೂಮಿನಲ್ಲಿದೆ. ಬಂದವರಿಗೆ ಯಜಮಾನರು ಕಪ್ ತೋರಿಸುತ್ತಾರೆ. ನಾನು ಮೊಣಕೈ ಕೆಳಗಿನ ನಾಲ್ಕು ಬೆರಳು ತೋರಿಸುತ್ತೇನೆ.