ನಮ್ಮ ಟವರಿನ ಸೀರೆ ದೆವ್ವ

ನಮ್ಮ ಟವರಿನಲ್ಲಿ ದೆವ್ವ ಇದೆಯಂತೆ.

ಸುದ್ದಿ ಕೊಟ್ಟವಳು ಏಳನೇ ಮಹಡಿಯ ಪುಟ್ಟ ಹುಡುಗಿ. ತಮಿಳರ ಮನೆಯ ಮಗು, ಈಗಷ್ಟೇ ಒಂದನೇ ಕ್ಲಾಸಿಗೆ ಸೇರಿದೆ. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲು ಮುಚ್ಚಿದ್ದೇ ತಡ, ನನ್ನ ಕೈ ಜಗ್ಗಿ, ದೆವ್ವ ಶುಕ್ರವಾರ ಮಾತ್ರ ಬರುತ್ತದೆ ಎಂದು ಪಿಸುಗುಟ್ಟಿದಳು. ಕತ್ತಲಾಗುವ ಹೊತ್ತಿಗೆ ಸ್ವಿಮ್ಮಿಂಗ್ ಪೂಲ್ ಪಕ್ಕ ನಿಂತು ತಲೆಯೆತ್ತಿದರೆ ಕಾಣುತ್ತದಂತೆ. ಮೊದಲು ಒಂಬತ್ತನೇ ಮಹಡಿಯ ಕಿಟಕಿಯಲ್ಲಿ. ಆಮೇಲೆ ಹನ್ನೊಂದರಲ್ಲಿ. ಆಮೇಲೆ ಇನ್ನೂ ಮೇಲೆ. ಕೈಯಲ್ಲಿ ಸಣ್ಣ ಬೆಂಕಿ.

ಅದು ಏನು ಉಟ್ಟಿರುತ್ತದೆ ಎಂದು ಸುಮ್ಮನೆ ಕೇಳಿದೆ.

“ಗ್ರೀನ್ ಸಾರಿ ಆಂಟಿ. ರೆಡ್ ಬಾರ್ಡರ್. ವೆರಿ ಸ್ಕೇರಿ ಲಾ.”

ಹಸಿರು ಸೀರೆ, ಕೆಂಪು ಅಂಚು. ದೋಬಿ ಅಂಗಡಿಯಿಂದ ಇಸ್ತ್ರಿ ಮಾಡಿಸಿ ತಂದ ಆ ಸೀರೆ ಆಗ ನನ್ನ ಕೈಚೀಲದಲ್ಲೇ ಇತ್ತು. (ಹೌದು, ಮಲೇಷ್ಯಾದಲ್ಲಿಯೂ ದೋಬಿಗೆ ದೋಬಿ ಎಂದೇ ಹೆಸರು.) ದಿನಾ ಪ್ಯಾಂಟು ಕುರ್ತಾದಲ್ಲಿ ನನ್ನನ್ನು ನೋಡುವ ಮಗುವಿಗೆ ಅನುಮಾನ ಬರಲು ಸಾಧ್ಯವೇ? ಏಳನೇ ಮಹಡಿಯಲ್ಲಿ ಅದು ಬೈ ಹೇಳಿ ಇಳಿಯಿತು. ದೆವ್ವ ಕೈಚೀಲವನ್ನು ಅವುಚಿಕೊಂಡು ಒಂಬತ್ತಕ್ಕೆ ಹೋಯಿತು.

ನಾನು ದೆವ್ವವಾದ ಕಥೆ ಹೇಳಬೇಕು.

ಸುಬಾಂಗ್ ಜಯಾದ ನಮ್ಮ ಬಡಾವಣೆಯಲ್ಲಿ ಮುಂಚೆ ಸಾಲುಮನೆಗಳಿದ್ದವು. ಮನೆ ಮುಂದೆ ಮಾವಿನ ಗಿಡ, ಗಿಡದಡಿ ಕಾರು, ಕಾರಿನಡಿ ಬೆಕ್ಕು. ಎಲ್‌ಆರ್‌ಟಿ ರೈಲು ಇಲ್ಲಿಯವರೆಗೂ ಬರುತ್ತದೆ ಎಂಬ ಸುದ್ದಿ ಹಬ್ಬಿತು ನೋಡಿ, ಟವರುಗಳು ನಾಯಿಕೊಡೆಗಳಂತೆ ತಲೆಯೆತ್ತಿದವು. ನಮ್ಮದೂ ಅದರಲ್ಲೊಂದು. ಎಲ್ಲ ಫ್ಲ್ಯಾಟುಗಳೂ ಮಾರಾಟವಾಗಿವೆ, ಒಂದೂ ಉಳಿದಿಲ್ಲ ಎಂದು ಸೇಲ್ಸ್ ಆಫೀಸಿನ ಹುಡುಗಿ ಬೀಗುತ್ತಾಳೆ. ನಿಜವೇ. ಆದರೆ ಕೊಂಡವರು ಬಂದೇ ಇಲ್ಲ. ಒಬ್ಬರು ಸಿಂಗಾಪುರದಲ್ಲಿದ್ದಾರೆ, ಇನ್ನೊಬ್ಬರು ಈಪೋದಲ್ಲಿ, ಮತ್ತೊಬ್ಬರು ಎಲ್ಲಿದ್ದಾರೆಂದು ಮ್ಯಾನೇಜ್‌ಮೆಂಟಿಗೂ ಗೊತ್ತಿಲ್ಲ. ಅವರಿಗೆ ಬೇಕಾದದ್ದು ಮನೆಯಲ್ಲ, ಮನೆಗೆ ಬರುವ ಬೆಲೆ. ಬೆಲೆಗೆ ಹಸಿವಿಲ್ಲ, ನಿದ್ದೆಯಿಲ್ಲ, ಒಗೆದ ಬಟ್ಟೆ ಒಣಗಿಸುವ ಕೆಲಸವಿಲ್ಲ. ಬೀಗ ಹಾಕಿದ ಮನೆಯೊಳಗೆ ಅದು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಕೆಳಗೆ ಶೋ ಯೂನಿಟ್ ಎಂಬುದೊಂದಿದೆ. ಬಂದವರಿಗೆ ತೋರಿಸಲು ಸಿಂಗರಿಸಿಟ್ಟ ಮಾದರಿ ಮನೆ. ಮೇಜಿನ ಮೇಲೆ ತಟ್ಟೆಗಳು, ತಟ್ಟೆಯಲ್ಲಿ ಪ್ಲಾಸ್ಟಿಕ್ ಮೀನು, ಕಪಾಟಿನಲ್ಲಿ ಒಳಗೆ ಹಾಳೆಯೇ ಇಲ್ಲದ ಪುಸ್ತಕಗಳು. ಇಡೀ ಟವರಿನಲ್ಲಿ ಪ್ರತಿ ಸಂಜೆಯೂ ತಪ್ಪದೆ ದೀಪ ಹತ್ತುವುದು ಯಾರೂ ಇರದ ಆ ಮನೆಯಲ್ಲಿ.

ಲಿಫ್ಟಿನದು ಇನ್ನೊಂದು ತಮಾಷೆ. ಅದರಲ್ಲಿ ನಾಲ್ಕು ಎಂಬ ಬಟನ್ ಇಲ್ಲ. ಮೂರಾದ ಮೇಲೆ ಮೂರು ಎ, ಆಮೇಲೆ ಐದು. ಚೀನೀಯರಿಗೆ ನಾಲ್ಕು ಎಂದರೆ ಸಾವಿನ ನೆನಪಂತೆ. ಸಾವು ದಾರಿ ತಪ್ಪಿಯೂ ಬರದಿರಲಿ ಎಂದು ಇಷ್ಟೊಂದು ಮುತುವರ್ಜಿ ವಹಿಸಿದ ಬಿಲ್ಡರ್, ಬದುಕು ಬರಲಿ ಎಂದು ಏನು ಮಾಡಿದ? ಅಂಗಡಿಗೆಂದು ಕಟ್ಟಿದ ಕೆಳಗಿನ ಸಾಲು ಇನ್ನೂ ಷಟರ್ ಎಳೆದುಕೊಂಡೇ ಇದೆ. ಒಂದು ಚಹಾ ಬೇಕೆಂದರೂ ರಸ್ತೆ ದಾಟಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಹೋಗಬೇಕು.

ಈ ಅಂಕಣ ಓದುತ್ತಾ ಬಂದ ನಿಮಗೆ ನನ್ನ ಮನೆಯ ಸ್ಥಿತಿಯೂ ಗೊತ್ತೇ ಇದೆ. ನಮ್ಮವರು ಜೊಹೋರ್ ಕಡೆಯ ಸೈಟಿನಲ್ಲಿ ಎಂಜಿನಿಯರ್. ಸೋಮವಾರ ಹೋದರೆ ಶನಿವಾರವೇ ಮುಖ ತೋರಿಸುವುದು. ಮಗ ಪೆನಾಂಗಿನ ಹಾಸ್ಟೆಲಿನಲ್ಲಿದ್ದಾನೆ. ನಾನು ಫೋನಿನಲ್ಲಿ ಕನ್ನಡದಲ್ಲಿ ಕೇಳುವ ಉದ್ದುದ್ದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಗಿಡ್ಡ ಉತ್ತರ ಕೊಡುತ್ತಾನೆ. ನಮ್ಮ ಮಹಡಿಯಲ್ಲಿ ಇದ್ದ ಇನ್ನೊಂದು ನರಪ್ರಾಣಿ ಎಂದರೆ ಎದುರು ಫ್ಲ್ಯಾಟಿನ ವಸುಧಾ. ಉಡುಪಿಯವಳು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಅವಳಿಗೂ ಮೆಲಾಕಾದ ಕಾಲೇಜಿನಲ್ಲಿ ಕೆಲಸವಾಯಿತು. ಹೊರಡುವ ದಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಕಣ್ಣು ತುಂಬಿಕೊಂಡಳು.

“ಶುಕ್ರವಾರ ಒಂದು ದೀಪ ಹಚ್ಚು ಮಾರಾಯ್ತಿ. ಹಾಲುಕ್ಕಿಸಿದ ಮನೆ, ಕತ್ತಲಲ್ಲಿ ಬಿಡ್ಲಿಕ್ಕೆ ಆಗ್ತದಾ?”

ಆಗುವುದಿಲ್ಲ. ನಮ್ಮಲ್ಲಿ ಯಾರಿಗೆ ತಾನೇ ಆಗುತ್ತದೆ? ಒಪ್ಪಿಕೊಂಡೆ.

ಈ ಸುದ್ದಿ ಟವರಿನ ವಾಟ್ಸಾಪ್ ಗುಂಪಿನಲ್ಲಿ ಹೇಗೆ ಹರಡಿತೋ ಕಾಣೆ. ಹನ್ನೊಂದನೇ ಮಹಡಿಯಲ್ಲಿ ಮನೆ ಕೊಂಡು ಆಸ್ಟ್ರೇಲಿಯಾದಲ್ಲಿ ಕೂತಿರುವ ತಮಿಳು ಮಾಮಿ, ತಮ್ಮ ಮನೆಗೂ ದೀಪ ಇಡಲು ಸಾಧ್ಯವೇ ಎಂದು ಕೇಳಿದರು. ಅವರ ಬೀಗದ ಕೈಯೂ ಬಂತು. ಅದಕ್ಕೂ ಮೇಲಿನ ಮಹಡಿಯ ಈಪೋದ ಚೀನೀ ಮುದುಕರಿಗೆ ದೀಪ ಗೀಪ ಬೇಡ, ಕಿಟಕಿ ತೆಗೆದು ಸ್ವಲ್ಪ ಗಾಳಿಯಾಡಿಸಿ ನಲ್ಲಿ ಬಿಟ್ಟರೆ ಸಾಕು. (ಬಚ್ಚಲಿನ ಪೈಪು ಒಣಗಿದರೆ ಜಿರಳೆ ಬರುತ್ತದೆ.) ನಾನೇನೂ ಭೇದ ಮಾಡಲಿಲ್ಲ, ಅಲ್ಲಿಯೂ ದೀಪ ಇಟ್ಟೆ. ಹೀಗೆ ಒಂದೊಂದಾಗಿ ಸೇರಿ ನನ್ನ ಕೈಯಲ್ಲೊಂದು ದೊಡ್ಡ ಗೊಂಚಲೇ ಆಯಿತು. ಒಂದೇ ಟವರಿನಲ್ಲಿ ಇಷ್ಟೊಂದು ಮನೆಯ ಯಜಮಾನಿ! ಒಳಗೊಳಗೇ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಸಂಜೆ ಮಿಂದು, ಸೀರೆ ಉಟ್ಟು, ಭಾರತೀಯ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿನಲ್ಲಿ ಕೊಂಡ ಹಿತ್ತಾಳೆ ದೀಪ ಹಿಡಿದು ಹೊರಡುತ್ತೇನೆ. ಉರಿಯುವ ದೀಪ ಬಿಟ್ಟು ಬಾಗಿಲು ಹಾಕಿಕೊಂಡು ಬರುವುದು ಹೇಗೆ? ಒಂದು ಚಮಚೆ ಎಣ್ಣೆ ಹಾಕಿ, ಅದು ತೀರುವ ತನಕ ಕಿಟಕಿಯ ಹತ್ತಿರ ಕೂತಿರುತ್ತೇನೆ. ಹೆಚ್ಚಿನ ಮನೆಗಳಲ್ಲಿ ಕರೆಂಟ್ ತೆಗೆಸಿಬಿಟ್ಟಿದ್ದಾರೆ. ದೀಪದ ಬೆಳಕು ಎಷ್ಟೋ ಅಷ್ಟೇ.

ಮೊದಮೊದಲು ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಹನ್ನೊಂದನೇ ಮಹಡಿಯ ಮನೆಯಲ್ಲಿ. ಅದು ನಮ್ಮ ಮನೆಯ ನೇರಕ್ಕೆ ಎರಡು ಮಹಡಿ ಮೇಲಿದೆ, ಅದೇ ಪ್ಲ್ಯಾನ್. ಕತ್ತಲಲ್ಲಿ ಕೈ ಚಾಚಿದರೆ ಸ್ವಿಚ್ ಇರಬೇಕಾದಲ್ಲೇ ಇದೆ. ಕಿಟಕಿಯಿಂದ ಕಾಣುವುದೂ ನಮ್ಮ ಮನೆಯಿಂದ ಕಾಣುವ ಹೈವೇಯೇ. ಆದರೆ ನಮ್ಮ ಫ್ರಿಜ್ ಇರುವ ಕಡೆ ಫ್ರಿಜ್ ಇಲ್ಲ, ಗೋಡೆಯಲ್ಲಿ ಬರೀ ಪ್ಲಗ್ ಇದೆ. ಮಗನ ಕೋಣೆಯಲ್ಲಿ ಮಗನೂ ಇಲ್ಲ, ಮಂಚವೂ ಇಲ್ಲ. ನಾನು ಹುಟ್ಟದೇ ಹೋಗಿದ್ದರೆ ನಮ್ಮ ಮನೆ ಹೇಗಿರುತ್ತಿತ್ತೋ ಹಾಗಿತ್ತು. ಹೆದರಿಕೆಯಾಯಿತು. ದೀಪ ಆರುವ ಮುಂಚೆಯೇ ಎದ್ದು ಬಂದುಬಿಟ್ಟೆ.

ಕೆಳಗೆ ಬರುವಾಗ ಲಿಫ್ಟ್ ಹತ್ತನೇ ಮಹಡಿಯಲ್ಲಿ ತಾನಾಗಿ ನಿಂತಿತು. ಬಾಗಿಲು ತೆರೆಯಿತು. ಯಾರೂ ಇಲ್ಲ. ಮನುಷ್ಯರು ನಡೆದರೆ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ಲೈಟುಗಳು ಕಾರಿಡಾರಿನ ಆ ತುದಿಯಿಂದ ಒಂದೊಂದಾಗಿ ಹತ್ತುತ್ತಾ ಲಿಫ್ಟಿನ ಕಡೆಗೆ ಬಂದವು. ನಾನು ಬಟನ್ ಒತ್ತುತ್ತಲೇ ಇದ್ದೆ. ಮರುದಿನ ಗಾರ್ಡಿಗೆ ಹೇಳಿದರೆ, ವೈರಿಂಗ್ ಸರಿಯಿಲ್ಲ ಮೇಡಂ ಎಂದ. ಇರಬಹುದು. ಹತ್ತನೇ ಮಹಡಿಯಲ್ಲಿ ಒಂದು ಸಂಸಾರ ಇದ್ದಿದ್ದರೆ ನನಗೆ ವೈರಿಂಗಿನ ಯೋಚನೆ ಬರುತ್ತಿತ್ತೇ?

ಆದರೂ ಮುಂದಿನ ಶುಕ್ರವಾರ ಹೋದೆ. ಅದರ ಮುಂದಿನದಕ್ಕೂ. ಯಾಕೆ ಹೋಗುತ್ತೀಯ ಎಂದು ನಮ್ಮವರು ಕೇಳಿದರು. ಮಾತು ಕೊಟ್ಟಿದ್ದೇನಲ್ಲ ಎಂದೆ. ಅಷ್ಟೇ ಕಾರಣವಾಗಿತ್ತೋ ಏನೋ.

ಇಂಥ ಹೊತ್ತಿನಲ್ಲಿ ವಸುಧಾ ಫೋನ್ ಮಾಡಿ, ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದೇನೆ, ನೋಡಲು ಜನ ಬರುತ್ತಾರೆ ಎಂದಳು. ಯಾರು ಗೊತ್ತೇ? ಹುಬ್ಬಳ್ಳಿಯವರು. ಎಂಜಿನಿಯರ್ ಗಂಡ, ಹೆಂಡತಿ, ಒಂದು ಮಗು. ಇನ್ನು ನಿನಗೆ ಮಾತಾಡಲು ಜನ ಸಿಕ್ಕರು ಎಂದು ಅವಳು ನಕ್ಕಳು. ನನ್ನ ಬಾಗಿಲಿನಾಚೆ ಇನ್ನೊಂದು ಬಾಗಿಲು ತೆರೆಯುತ್ತದೆ! ಮಗು ಅಳುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ, ಸಕ್ಕರೆ ಮುಗಿದಿದೆ ಎಂದು ಯಾರಾದರೂ ಬಟ್ಟಲು ಹಿಡಿದು ಬರುತ್ತಾರೆ. ಇಷ್ಟು ಸಾಕಲ್ಲವೇ? ಈ ವಯಸ್ಸಿನಲ್ಲಿ ನಾನು ದೇವರಲ್ಲಿ ಬೇಡಿಕೊಂಡದ್ದು ಒಬ್ಬ ನೆರೆಯವಳನ್ನು.

ಅವರು ಬರಬೇಕಿದ್ದದ್ದು ಶನಿವಾರ ಬೆಳಿಗ್ಗೆ. ಹಿಂದಿನ ದಿನ ಸಂಜೆ ಎಂದಿನಂತೆ ವಸುಧಾಳ ಮನೆಯಲ್ಲಿ ದೀಪ ಹಚ್ಚಿ ಕೂತಿದ್ದೆ. ಹೊಸಬರು ಬರುವ ಮನೆ ಎಂದು ಎಣ್ಣೆಯನ್ನೂ ಸ್ವಲ್ಪ ಧಾರಾಳವಾಗಿ ಹಾಕಿದ್ದೆ. ಬಾಗಿಲಲ್ಲಿ ಬೀಗ ತಿರುಗಿದ ಸದ್ದಾಯಿತು.

ಬಾಗಿಲು ತೆರೆಯಿತು. ಮೊಬೈಲ್ ಟಾರ್ಚ್ ಹಿಡಿದ ಬಾಡಿಗೆ ಏಜೆಂಟ್, ವಸುಧಾ ಇನ್ನೊಂದು ಬೀಗದ ಕೈ ಅವನಿಗೂ ಕೊಟ್ಟಿದ್ದಳಂತೆ. ಅವನ ಹಿಂದೆ ಮಗುವನ್ನು ಎತ್ತಿಕೊಂಡ ಗಂಡಸು, ಪಕ್ಕದಲ್ಲಿ ಚೂಡಿದಾರ ತೊಟ್ಟ ಹೆಂಗಸು. ಮನೆ ವರ್ಷದಿಂದ ಖಾಲಿ ಇದೆ ಎಂದು ಅವನು ಅವರಿಗೆ ಹೇಳಿಕೊಂಡೇ ಬಂದಿದ್ದಾನೆ. ನಾನೋ ಖುಷಿಯಲ್ಲಿ ಮೈಮರೆತೆ. ದೀಪ ಎತ್ತಿಕೊಂಡು ಕತ್ತಲಿನಿಂದ ಎದ್ದು ಬಂದು ಕನ್ನಡದಲ್ಲಿ, “ಬನ್ನಿ ಬನ್ನಿ, ಒಳಗೆ ಬನ್ನಿ, ನಿಮಗೇ ಕಾಯ್ತಾ ಕೂತಿದ್ದೆ” ಎಂದೆ.

(ಯೋಚಿಸಿ ನೋಡಿ, ನಿಜವಾದ ದೆವ್ವ ಇನ್ನೇನು ಹೇಳುತ್ತಿತ್ತು?)

ಏಜೆಂಟಿನ ಫೈಲು ಕೆಳಗೆ ಬಿತ್ತು. ಅವನು ಫೈಲನ್ನೂ ಬಿಟ್ಟು, ಗಿರಾಕಿಗಳನ್ನೂ ಬಿಟ್ಟು ಲಿಫ್ಟಿನ ಕಡೆ ಓಡಿದ. ಗಂಡಸು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡು ಗೋಡೆಗಂಟಿದ. ಹೆಂಗಸು ಮಾತ್ರ ಅಲುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಆಮೇಲೆ ಎಲ್ಲ ಸರಿಹೋಯಿತೆನ್ನಿ. ಲೈಟು ಇರುವ ನನ್ನ ಮನೆಗೆ ಕರೆದೊಯ್ದು ಕಾಫಿ ಕೊಟ್ಟೆ. ಶನಿವಾರ ಆಫೀಸಿದೆ ಎಂದು ಗಂಡನೇ ಅವತ್ತು ಸಂಜೆಗೆ ಬದಲಾಯಿಸಿಕೊಂಡಿದ್ದನಂತೆ. ಏಜೆಂಟ್ ವಾಪಸ್ ಬಂದು, ಬೆವರೊರೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಆಕೆಯ ಹೆಸರು ಶೈಲಾ. ಮನೆ ಹಿಡಿಸಿತೆಂದಳು, ಗಾಳಿ ಬೆಳಕು ಚೆನ್ನಾಗಿದೆ ಎಂದಳು. ಆಮೇಲೆ ಒಂದೊಂದೇ ಕೇಳತೊಡಗಿದಳು. ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಮೇಲೆ? ಇಲ್ಲ. ಕೆಳಗೆ? ಇಲ್ಲ. ಹಾಗಾದರೆ ಮಾತಿಗೆ ಏನು ಮಾಡುತ್ತೀರಿ ಎಂದಳು. ಅಂಕಣ ಬರೆಯುತ್ತೇನಲ್ಲ, ಓದುಗರ ಜೊತೆ ಎಂದು ನಕ್ಕೆ. ಅವಳು ನಗಲಿಲ್ಲ. ಹೊರಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡು, ಮರುದಿನ ಬ್ರಿಕ್‌ಫೀಲ್ಡ್ಸಿಗೆ ಹೋಗಿ ಜೋಳದ ಹಿಟ್ಟು ಹುಡುಕಿದೆ.

ಅವರು ಬರಲಿಲ್ಲ. ಮನೆ ಬೇಡವೆಂದರು ಎಂದು ವಸುಧಾ ತಿಳಿಸಿದಳು. ಎಲ್ಲೋ ಹಳೆಯ ಸಾಲುಮನೆ ಹಿಡಿದರಂತೆ. ಸೋರುವ ಸೂರು, ಗೇಟಿಗೆ ಗೇಟು ತಾಗುವ ನೆರೆಹೊರೆ. ನನಗೆ ಸಿಟ್ಟು ನೆತ್ತಿಗೇರಿತು. ಓದಿದವರು, ಎಂಜಿನಿಯರ್ ಸಂಸಾರ, ಕಾಫಿ ಕುಡಿದು ಹೋದ ಮೇಲೂ ನಾನು ದೆವ್ವವೆಂಬ ಅನುಮಾನವೇ? ನಂಬರ್ ಇಸಕೊಂಡು ಶೈಲಾಗೆ ಫೋನ್ ಮಾಡಿ ನೇರವಾಗಿ ಕೇಳಿಯೇಬಿಟ್ಟೆ.



“ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ದೆವ್ವ ಆಗಿದ್ರ ನಾವು ಬಂದು ಇರ್ತಿದ್ವಿ. ಒಂದು ಪೂಜಿ ಮಾಡಿಸಿದ್ರ ಹೋಗತಿತ್ತು. ನೀವು ಮನುಷ್ಯಾರು ಅಂತ ಗೊತ್ತಾತಲ್ಲ, ಅದಕ್ಕ ಅಂಜಿಕಿ ಬಂತು.”

ನನಗೆ ಅರ್ಥವಾಗಲಿಲ್ಲ ಎಂದೆ.

“ಬಾಗಲಾ ತಗಿಯೂಕಿಂತ ಮೊದ್ಲ ನಾವು ಹೊರಗ ನಿಂತು ಕೇಳಿದ್ವಿರಿ. ಏಜೆಂಟಗ ಕನ್ನಡ ತಿಳಿಯೂದಿಲ್ಲ, ಎದರು ಮನಿ ಟಿವಿ ಅಂದ. ನಮಗ ತಿಳೀತು. ಒಳಗ ನೀವು ಮಾತಾಡಾಕತ್ತಿದ್ರಿ. ‘ಊಟ ಆಯ್ತಾ, ಇವತ್ತು ಯಾಕೆ ಇಷ್ಟು ಲೇಟು’ ಅಂತ. ಬಾಳ ಪ್ರೀತಿಲೆ ಕೇಳಾಕತ್ತಿದ್ರಿ. ಒಂದ್ ವರ್ಷ ಅಲ್ಲಿದ್ರ ನಾನೂ ಹಂಗ ಆಕ್ಕೇನಿ ಅನಿಸ್ತು ಅಕ್ಕಾರ.”

ನಾನು ಮಾತಾಡಲಿಲ್ಲ, ಸುಮ್ಮನೆ ಕೂತಿದ್ದೆ ಎಂದೆ. ನಿಜವಾಗಿಯೂ ನನಗೆ ನೆನಪಿರುವುದು ಅಷ್ಟೇ. ಕಿಟಕಿ, ಹೈವೇ, ಎಣ್ಣೆ ತೀರುತ್ತಿರುವ ದೀಪ, ಬಾಯಿ ಮುಚ್ಚಿಕೊಂಡು ಕೂತ ನಾನು. ಆದರೆ ಆಕೆ ಸುಳ್ಳು ಹೇಳುವ ಹೆಣ್ಣಲ್ಲ. ಸಿಟ್ಟೆಲ್ಲ ಇಳಿದು ಹೋಗಿ, ಅವಳು ಬಾರದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಮಗುವನ್ನು ಚೆನ್ನಾಗಿ ನೋಡಿಕೋ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂದಿತ್ತು, ಕೇಳಲು ಧೈರ್ಯ ಸಾಲಲಿಲ್ಲ: ನಾನು ಊಟ ಆಯ್ತಾ ಎಂದು ಕೇಳಿದ್ದಕ್ಕೆ, ಒಳಗಿನಿಂದ ಉತ್ತರವೂ ಕೇಳಿಸಿತ್ತೇ?