ಸೀಟಕ್ಕನ ಪಿಟೀಲು ಇನ್ನೊಬ್ಬಳ ಗದ್ದದ ಕೆಳಗೆ

ಬಸ್ ಡಿಪೋದ ಹಿಂಭಾಗದ ಉದ್ದನೆಯ ಶೆಡ್ಡಿನಲ್ಲಿ, ಹರಿದ ಸೀಟುಗಳ ಗುಡ್ಡೆಯ ನಡುವೆ ಕೂತು ಹೊಲಿಯುವ ಹೆಂಗಸಿಗೆ ಚಾಲಕರೂ ಮೆಕ್ಯಾನಿಕ್ಕುಗಳೂ ಇಟ್ಟ ಹೆಸರು ಸೀಟಕ್ಕ. ಬ್ಲೇಡು ಸಿಕ್ಕಿದರೆ ಸಾಕು, ಕೂತ ಸೀಟನ್ನೇ ಕೊಯ್ಯುವ ಮಹಾನುಭಾವರು ಊರಿನ ತುಂಬ ಇದ್ದಾರಲ್ಲ, ಅವರು ಮಾಡಿಟ್ಟ ಗಾಯಗಳಿಗೆಲ್ಲ ಹೊಲಿಗೆ ಹಾಕುವ ಕೈ ಅವಳದು. ದಪ್ಪ ರೆಕ್ಸಿನ್ನಿನೊಳಗೆ ಸೂಜಿ ಸಲೀಸಾಗಿ ಇಳಿಯಲೆಂದು ಒಣ ಸೋಪಿನ ತುಂಡೊಂದು ಏಪ್ರನ್ನಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಸೂಜಿಗೆ ಒಮ್ಮೆ ಸೋಪು ತಾಗಿಸುವುದು, ಚುಚ್ಚುವುದು, ಎಳೆಯುವುದು. ಇಪ್ಪತ್ತೆರಡು ವರ್ಷದಿಂದ ಇದೇ.

ಪಿಟೀಲು ಸಿಕ್ಕಿದ್ದೂ ಸೀಟಿನ ಕೆಳಗೇ. ಹತ್ತೊಂಬತ್ತು ವರ್ಷದ ಹಿಂದೆ, ಬಸ್ಸೊಂದರ ಕೊನೆಯ ಉದ್ದ ಸೀಟನ್ನು ಎತ್ತಿದಾಗ ಅಡಿಯಲ್ಲಿ ಧೂಳು ತಿನ್ನುತ್ತ ಒಂದು ಪೆಟ್ಟಿಗೆ ಬಿದ್ದಿತ್ತು. ಕಳೆದ ವಸ್ತುಗಳ ಕೋಣೆಯಲ್ಲಿ ಅದು ಒಂದು ವರ್ಷ ಕಾದಿತು. ಯಾರೂ ಬರಲಿಲ್ಲ. ಸಿಕ್ಕಿದವರಿಗೇ ಸೇರಬೇಕೆಂಬ ನಿಯಮವಿತ್ತು, ಸೇರಿತು. ಎರಡು ತಂತಿ ಇಲ್ಲ, ಕಮಾನಿನ ಕೂದಲು ಮುದುಕನ ಗಡ್ಡದಂತೆ ಅಲ್ಲೊಂದು ಇಲ್ಲೊಂದು. ಇದನ್ನಿಟ್ಟುಕೊಂಡು ಏನು ಮಾಡುತ್ತೀಯ ಎಂದು ಗಂಡ ಕೇಳಿದ್ದಕ್ಕೆ, ಕುಯ್ಯುತ್ತೇನೆ ಎಂದಳು. ಕುಯ್ದಳು ಕೂಡ. ಕಲಿಸಿ ಎಂದು ಇಬ್ಬರ ಬಾಗಿಲಿಗೆ ಹೋಗಿದ್ದಳು. ಒಬ್ಬರು ವಯಸ್ಸು ಕೇಳಿ ನಕ್ಕರು. ಇನ್ನೊಬ್ಬರು ಅವಳ ಬೆರಳು ಹಿಡಿದು ನೋಡಿ, ಹೀಗೆ ಚರ್ಮ ಗಟ್ಟಿಕಟ್ಟಿದ ಬೆರಳಿಗೆ ತಂತಿ ಗೊತ್ತಾಗುವುದಿಲ್ಲ ಎಂದು ತೀರ್ಪು ಕೊಟ್ಟರು. ದುಡಿದ ಬೆರಳಿಗೆ ಸ್ವರ ತಿಳಿಯುವುದಿಲ್ಲ ಎಂದು ಹೇಳಲು ಎಂಥ ಧೈರ್ಯ ಬೇಕು ನೋಡಿ. ಸೀಟಕ್ಕ ಆ ಮಾತನ್ನು ನುಂಗಿಕೊಂಡು, ಕಂಡವರ ಕಿಟಕಿಯಡಿ ನಿಂತು, ಕೇಳಿದ್ದನ್ನು ಮನೆಗೆ ಬಂದು ತಡಕಾಡಿ, ಹೇಗೋ ಕಲಿತಳು.

ಪೇಂಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಸೇರುವ ಗುಂಪಿನಲ್ಲಿ ಅವಳಿಗೆ ಎರಡನೇ ಸಾಲಿನ ಮೂರನೇ ಕುರ್ಚಿ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ನಡೆಸುವವರು ನಿವೃತ್ತ ಗಣಿತದ ಮೇಷ್ಟ್ರು. ಕ್ಲಾರಿನೆಟ್ ಊದುವವನು ಕ್ಷೌರಿಕ. ಉಳಿದವರೂ ಹೀಗೇ, ವಾರವೆಲ್ಲ ಬೇರೆ ಏನಾದರೂ ಮಾಡಿಕೊಂಡಿರುವವರು. ಪಿಟೀಲು ಇದ್ದದ್ದು ಎರಡೇ, ಒಂದು ಸೀಟಕ್ಕನದು, ಇನ್ನೊಂದು ಮೊದಲ ಸಾಲಿನ ಔಷಧದಂಗಡಿಯವನದು.

ಸ್ವಂತ ವಾದ್ಯವಿಲ್ಲದವರೇ ಹೆಚ್ಚಿದ್ದ ಗುಂಪಾದ್ದರಿಂದ ವಾದ್ಯ ಕೈಯಿಂದ ಕೈಗೆ ಓಡಾಡುತ್ತಿತ್ತು, ಅದಕ್ಕೊಂದು ಕಟ್ಟುಪಾಡೂ ಬೆಳೆದಿತ್ತು. ಆ ಕೋಣೆಯೊಳಗೆ ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಕೊಡುವವರು ಶ್ರುತಿ ಮಾಡಿ, ಕಮಾನು ಬಿಗಿದು, ಕೂದಲು ತಂತಿಯನ್ನು ಹಿಡಿಯಲೆಂದು ತಾವೇ ರಾಳ ಹಚ್ಚಿ ಕೈಗಿಡಬೇಕು. ಕೊಟ್ಟ ಮೇಲೆ ಕಾವಲು ನಿಂತಂತೆ ಕಣ್ಣು ಬಿಟ್ಟು ನೋಡಬಾರದು. ಪಡೆದವರು ಕೇಳದೆ ತಂತಿಯ ಬಿರಡೆ ತಿರುಗಿಸಬಾರದು, ನುಡಿಸಿದ ಮೇಲೆ ಒರೆಸಿ, ಕಮಾನು ಸಡಿಲಿಸಿ, ಕುರ್ಚಿಯ ಮೇಲೆ ಎಸೆಯದೆ ಕೈಗೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾದ್ಯದಲ್ಲಿ ಏನೇ ಕುಂದು ಕಂಡರೂ ನಾಲ್ಕು ಜನರ ಎದುರು ಆಡಬಾರದು. ಆಮೇಲೆ, ವಾದ್ಯದವರೊಬ್ಬರಿಗೇ ಹೇಳಬೇಕು. ಕ್ಷೌರಿಕ ಒಮ್ಮೆ ಯಾರದೋ ಕೊಳಲು ಊದಿ, ಇದೇನು ಕೊಳಲೋ ನಲ್ಲಿಯೋ ಎಂದು ಬಾಯಿ ಜಾರಿದ್ದಕ್ಕೆ ಆರು ತಿಂಗಳು ಅವನ ಕೈಗೆ ಯಾರೂ ಒಂದು ತಾಳವನ್ನೂ ಕೊಡಲಿಲ್ಲ. ಆ ಬಹಿಷ್ಕಾರದಲ್ಲಿ ಎಲ್ಲರಿಗಿಂತ ಜೋರಾಗಿ ನಿಂತವಳು ಸೀಟಕ್ಕನೇ.

ಹೀಗಿರುವಾಗ ಮೈದುನನಿಗೆ ಈ ಊರಿಗೆ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಮನೆಯ ಮಹಡಿಯ ಮೇಲೆ ಇಳಿದ. ಆ ಓರಗಿತ್ತಿ ಏಳನೇ ವಯಸ್ಸಿನಿಂದ ಮದುವೆಯವರೆಗೆ ಪಿಟೀಲು ಕಲಿತವಳು. ಅವಳ ಪಿಟೀಲನ್ನು ತವರಿನವರು ಅವಳನ್ನು ಒಂದು ಮಾತೂ ಕೇಳದೆ ಅಣ್ಣನ ಮಗಳಿಗೆ ದಾಟಿಸಿಬಿಟ್ಟಿದ್ದರು. ಮದುವೆಯಾದ ಹೆಣ್ಣಿನ ಸಾಮಾನಿಗೆ ಎಲ್ಲರೂ ವಾರಸುದಾರರೇ. ಅದನ್ನು ಅವಳು ನಗುತ್ತಲೇ ಹೇಳಿಕೊಂಡಿದ್ದಳು, ಸೀಟಕ್ಕ ಅಯ್ಯೋ ಎಂದಿದ್ದಳು. ಆ ಅಯ್ಯೋದಲ್ಲಿ ಕಪಟವೇನೂ ಇರಲಿಲ್ಲ. ಆಗಿನ್ನೂ ಅವಳು ನುಡಿಸಿದ್ದನ್ನು ಕೇಳಿರಲಿಲ್ಲ.

ಒಂದು ಭಾನುವಾರ ಓರಗಿತ್ತಿ ನೋಡಲೆಂದು ಜೊತೆಗೆ ಬಂದಳು. ನುಡಿಸುತ್ತೀರಾ ಎಂದು ಮೇಷ್ಟ್ರು ಕೇಳಿದ್ದಕ್ಕೆ ಅವಳು ತಿರುಗಿದ್ದು ಸೀಟಕ್ಕನ ಕಡೆಗೆ.

"ಅಕ್ಕಾ, ಕೊಡ್ತೀರಾ? ಒಂದೇ ನಿಮಿಷ."

ಸೀಟಕ್ಕ ಶ್ರುತಿ ನೋಡಿ, ರಾಳ ಹಚ್ಚಿ, ಕೈಗಿಟ್ಟು, ಪದ್ಧತಿಯಂತೆ ಬೆನ್ನು ತಿರುಗಿಸಿ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಳು. ಆಮೇಲೆ ಬಂದ ಸದ್ದು ಕೇಳಿ ಅವಳಿಗೆ ಮೊದಲು ಅನ್ನಿಸಿದ್ದು, ಇವಳು ಬೇರೆ ಯಾರದೋ ಪಿಟೀಲು ತೆಗೆದುಕೊಂಡಿರಬೇಕು ಎಂದು. ತಿರುಗಿ ನೋಡಿದಳು, ತನ್ನದೇ. ಹದಿನೆಂಟು ವರ್ಷ ತನ್ನ ಜೊತೆ ಬಾಳಿ ಕೆಮ್ಮಿದ್ದೇ ಹೆಚ್ಚು, ಇವಳ ಗದ್ದದ ಕೆಳಗೆ ಹೋದ ಮರುಗಳಿಗೆ ಬಾಯಿ ತುಂಬ ಮಾತಾಡುತ್ತಿತ್ತು. ಮನೆಯಲ್ಲಿ ಮುಖ ಗಂಟುಹಾಕಿ ಕೂರುವ ಗಂಡ ಪಕ್ಕದ ಮನೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗುವುದನ್ನು ಕಿಟಕಿಯಿಂದ ಕಂಡವಳಿಗೆ ಹೇಗಾಗಬೇಕೋ ಹಾಗಾಯಿತು. ಅದರ ಮೇಲೆ ಕ್ಷೌರಿಕನ ಹೊಗಳಿಕೆ ಬೇರೆ.

"ನಿಮ್ ಪಿಟೀಲಿಗೆ ಇಂಥ ಗಂಟಲಿದೆ ಅಂತ ಗೊತ್ತೇ ಇರ್ಲಿಲ್ಲ ಬಿಡಿ, ಸೀಟಕ್ಕ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆಂದು ಆಡಿದವರಿಗೆ ಎಂದೂ ತಿಳಿಯುವುದಿಲ್ಲ.

ಅಂದಿನಿಂದ ಹೊಟ್ಟೆಕಿಚ್ಚು ಆ ಮನೆಯಲ್ಲಿ ಬಾಡಿಗೆ ಇಲ್ಲದೆ ಬಂದು ಕೂತಿತು. ವಾರದಲ್ಲಿ ಒಂದೆರಡು ಸಂಜೆ ಓರಗಿತ್ತಿ ಮಹಡಿಯಿಂದ ಇಳಿದು ಬಂದು ಪಿಟೀಲು ಕೇಳುವಳು, ಸೀಟಕ್ಕ ಕೊಡುವಳು. ವಾಪಸ್ಸು ಬಂದ ಕೂಡಲೇ ಬಾಗಿಲು ಹಾಕಿಕೊಂಡು ಹೊಸ ಗೀರಿದೆಯೇ, ರಾಳದ ಪುಡಿ ಉಳಿದಿದೆಯೇ, ಕಮಾನು ಸಡಿಲಿಸಿದ್ದಾಳೆಯೇ ಎಂದು ಬೆಳಕಿಗೆ ಹಿಡಿದು ನೋಡುವಳು. ಒಂದು ತಪ್ಪು, ಒಂದೇ ಒಂದು ತಪ್ಪು ಸಿಕ್ಕಿದ್ದರೆ ಎಷ್ಟು ಹಾಯಾಗಿರುತ್ತಿತ್ತು. ಸಿಗಲಿಲ್ಲ. ಗದ್ದ ಊರುವ ಜಾಗದಲ್ಲಿ ಅವಳು ಮುಖಕ್ಕೆ ಹಚ್ಚುವ ಪೌಡರಿನ ಪರಿಮಳವಷ್ಟೇ ಉಳಿದಿರುತ್ತಿತ್ತು. ಅದನ್ನು ಸೀಟಕ್ಕ ಸೆರಗಿನಿಂದ ತಿಕ್ಕಿ ತಿಕ್ಕಿ ತೆಗೆಯುವಳು. ಅದೂ ಸಾಲದೆಂಬಂತೆ ಅತ್ತೆ, ಕಾಲು ಚಾಚಿ ಕೂತಲ್ಲಿಂದಲೇ, ಚಿಕ್ಕವಳು ನುಡಿಸಿದರೆ ಸುಖವಾಗಿ ನಿದ್ದೆ ಬರುತ್ತದೆ, ನೀನು ನುಡಿಸಿದರೆ ತಟ್ಟನೆ ಎಚ್ಚರವಾಗುತ್ತದೆ ಎಂದುಬಿಟ್ಟರು.

ಅಷ್ಟರಲ್ಲಿ ಔಷಧದಂಗಡಿಯವನು ಊರು ಬಿಟ್ಟ. ಗ್ರಂಥಾಲಯದ ಸಭಾಂಗಣದಲ್ಲಿ ನಡೆಯುವ ವರ್ಷದ ಕಛೇರಿಯಲ್ಲಿ ಪಿಟೀಲಿಗೆಂದೇ ಆರು ನಿಮಿಷದ ಒಂಟಿ ಭಾಗವಿರುತ್ತದೆ, ಎಲ್ಲರೂ ಕೈಕಟ್ಟಿ ಸುಮ್ಮನಿರುವಾಗ ಒಬ್ಬರೇ ನುಡಿಸುವುದು. ಹನ್ನೊಂದು ವರ್ಷ ಅದು ಅವನ ಪಾಲಾಗಿತ್ತು. ಆ ಆರು ನಿಮಿಷವನ್ನು ಸೀಟಕ್ಕ ಶೆಡ್ಡಿನಲ್ಲಿ ಹೊಲಿಯುತ್ತ ಬಾಯಲ್ಲೇ ಎಷ್ಟು ಸಾವಿರ ಸಲ ನುಡಿಸಿದ್ದಳೋ. ಈಗ ಇಡೀ ಗುಂಪಿಗೆ ಇದ್ದದ್ದು ಅವಳೊಬ್ಬಳದೇ ಪಿಟೀಲು. ಸರದಿ ತನ್ನದೇ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಮೇಷ್ಟ್ರು, ಬರುವ ಭಾನುವಾರ ಇಬ್ಬರನ್ನೂ ಕೇಳಿ ತೀರ್ಮಾನಿಸೋಣ ಎಂದರು. ಇಬ್ಬರು ಎಂದರೆ ಯಾರೆಂದು ಯಾರೂ ಕೇಳಲಿಲ್ಲ.

ತನ್ನನ್ನು ಸೋಲಿಸಲು ಬರುವವಳ ಕೈಗೆ ತಾನೇ ಆಯುಧ ಕೊಡಬೇಕು. ಅದೂ ಹದ ಮಾಡಿ.

ಆ ಭಾನುವಾರ ಡಿಪೋದಲ್ಲಿ ಅರ್ಧ ದಿನದ ಕೆಲಸವಿತ್ತು. ಸೀಟಕ್ಕ ಏಪ್ರನ್ ಕಳಚದೆ ಹಾಗೇ ಬಂದಳು. ಮೊದಲು ನುಡಿಸಿದವಳು ಅವಳೇ. ಸುಳ್ಳು ಹೇಳಬಾರದು, ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ಮುಗಿಸಿ ಮೇಷ್ಟ್ರ ಮುಖ ನೋಡಿದಳು. ಅವರು ಚೆನ್ನಾಗಿತ್ತು ಎನ್ನುವಂತೆ ತಲೆಯಾಡಿಸಿದರು, ಆದರೆ ಕಣ್ಣು ಆಗಲೇ ಓರಗಿತ್ತಿಯ ಕಡೆಗೆ ಹೊರಳಿತ್ತು. ಆ ಹೊರಳುವಿಕೆ ಸಾಕಾಯಿತು.

ಕಮಾನಿಗೆ ರಾಳ ಹಚ್ಚಲೆಂದು ಸೀಟಕ್ಕ ಕಿಟಕಿಯ ಕಟ್ಟೆಯ ಬಳಿ ಹೋದಳು. ರಾಳ ಪೆಟ್ಟಿಗೆಯಲ್ಲಿತ್ತು, ಸೋಪು ಜೇಬಿನಲ್ಲಿ. ಎಲ್ಲರಿಗೂ ಬೆನ್ನು ಮಾಡಿ, ಕೂದಲಿನ ಉದ್ದಕ್ಕೂ ಸೋಪನ್ನು ಎರಡು ಸಲ ಎಳೆದಳು. ರಾಳ ಹಚ್ಚುವಾಗ ತೋಳು ಹೇಗೆ ಆಡುತ್ತದೋ ಹಾಗೆಯೇ ಆಡಿತು. ಕೋಣೆಯಲ್ಲಿದ್ದ ಹನ್ನೆರಡು ಜನಕ್ಕೂ ಕಂಡದ್ದು ಮರ್ಯಾದೆಯಿಂದ ವಾದ್ಯ ಸಿದ್ಧ ಮಾಡಿಕೊಡುತ್ತಿರುವ ದೊಡ್ಡ ಸೊಸೆ. ಈ ಲೋಕದಲ್ಲಿ ಎಷ್ಟೋ ದ್ರೋಹಗಳು ಉಪಚಾರದ ವೇಷದಲ್ಲೇ ನಡೆಯುತ್ತವೆ, ಇದೂ ಹಾಗೇ ನಡೆಯಿತು.

ಓರಗಿತ್ತಿ ಕಮಾನು ಎಳೆದಳು. ಜಾರಿತು. ಕೂದಲು ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಸರಿದುಹೋಗಿ, ಎಲ್ಲೋ ದೂರದಲ್ಲಿ ಬಾಗಿಲು ಕಿರುಗುಟ್ಟಿದಂಥ ಸದ್ದು. ಇನ್ನೊಮ್ಮೆ ತುದಿಯಿಂದ ಎಳೆದಳು. ಅದೇ. ಕಮಾನನ್ನು ಎತ್ತಿ ಕೂದಲು ನೋಡಿದಳು, ಮೂಗಿನ ಹತ್ತಿರ ತಂದಳು. ಸೀಟಕ್ಕ ಕ್ಯಾಲೆಂಡರ್ ಓದುತ್ತಿದ್ದಳು. ತಾರೀಕುಗಳೆಲ್ಲ ಕಲಸಿಹೋಗಿದ್ದವು.

"ಕೈ ತಪ್ಪಿಹೋಗಿದೆ ಮೇಷ್ಟ್ರೇ," ಎಂದಳು ಓರಗಿತ್ತಿ. "ಅಕ್ಕನೇ ನುಡಿಸ್ಲಿ."

ಕಮಾನು ಸಡಿಲಿಸಿ, ಪಿಟೀಲು ಒರೆಸಿ, ತಂದು ಕೈಗೇ ಕೊಟ್ಟಳು. ಎಲ್ಲರೂ ಸೀಟಕ್ಕನಿಗೆ ಚಪ್ಪಾಳೆ ತಟ್ಟಿದರು. ಪೇಂಟ್ ಅಂಗಡಿಯ ಮೆಟ್ಟಿಲು ಇಳಿಯುವಾಗ, ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ, ಓರಗಿತ್ತಿ ಮೆಲ್ಲಗೆ ಹೇಳಿದಳು.

"ಅಕ್ಕಾ, ಕಮಾನಿಗೆ ಸೋಪು ತಾಗಿದೆ. ತೊಳೆದ್ರೆ ಹೋಗಲ್ಲ. ಕೂದ್ಲೇ ಬದ್ಲಾಯಿಸ್ಬೇಕು."

ಅಷ್ಟೇ. ಕುಂದು ಕಂಡವರು ವಾದ್ಯದವರೊಬ್ಬರಿಗೇ ಹೇಳಬೇಕೆಂಬ ಪದ್ಧತಿಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ, ತರಕಾರಿ ಕೊಳ್ಳುವುದಿದೆ ಎಂದು ರಸ್ತೆ ದಾಟಿ ಹೋದಳು.

ಮುಖಕ್ಕೆ ಉಗಿದಿದ್ದರೆ ಸೀಟಕ್ಕ ತಡೆದುಕೊಳ್ಳುತ್ತಿದ್ದಳು. ಜಡೆ ಹಿಡಿದು ಜಗಳಕ್ಕೆ ಬಂದಿದ್ದರೆ ಇನ್ನೂ ಒಳ್ಳೆಯದು, ತಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದಳು. ಇದೇನು, ನುಡಿಸುವುದರಲ್ಲೂ ಮೇಲು, ನಡೆಯುವುದರಲ್ಲೂ ಮೇಲು? ತಾನೊಬ್ಬಳೇ ಕಾಪಾಡಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದ ಪದ್ಧತಿಯನ್ನೂ ಇವಳು ಬಂದು ತನ್ನದು ಮಾಡಿಕೊಂಡಳಲ್ಲ. ವಾದ್ಯ ರಿಪೇರಿಯವನು ಕೂದಲು ಮುಟ್ಟಿ ನೋಡಿ, ಯಾರು ಹಚ್ಚಿದ್ದು, ಮಕ್ಕಳಾ ಎಂದು ಕೇಳಿದ. ಮಕ್ಕಳಲ್ಲ ಎಂದಳು. ಅವನು ನಾಲ್ಕು ದಿನ ಬೇಕೆಂದ. ಆ ನಾಲ್ಕು ದಿನವೂ ಓರಗಿತ್ತಿ ಮಹಡಿಯ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಮೊದಲಿನಂತೆಯೇ ನಕ್ಕಳು. ಗಂಡನಿಗೆ ಹೇಳಿರಲಿಲ್ಲ, ಅತ್ತೆಗೆ ಹೇಳಿರಲಿಲ್ಲ. ಸೀಟಕ್ಕನ ಮಾನ ಅವಳ ಸೆರಗಿನ ಗಂಟಿನಲ್ಲಿ ಭದ್ರವಾಗಿತ್ತು, ಅವಳು ಅದನ್ನು ಬಿಚ್ಚುವವಳಲ್ಲ ಎಂಬುದೇ ಸೀಟಕ್ಕನಿಗೆ ಸಹಿಸಲಾಗದ್ದು.

ಮುಂದಿನ ಭಾನುವಾರ ಸೀಟಕ್ಕ ಹೊಸ ಕೂದಲಿನ ಕಮಾನು ಹಿಡಿದು, ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದಳು. ಪಶ್ಚಾತ್ತಾಪದಿಂದ ನಿಂತಳು ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಪಶ್ಚಾತ್ತಾಪ ಸ್ವಲ್ಪ ಇತ್ತು. ಹೆಚ್ಚಿಗೆ ಇದ್ದದ್ದು ಅದೇ ಹಳೆಯ ಉರಿ. ಒಳ್ಳೆಯತನವನ್ನೂ ಇವಳೊಬ್ಬಳಿಗೇ ಬಿಟ್ಟುಕೊಡಲಾರೆ ಎಂಬ ಉರಿ.

"ಹೋದ್ವಾರ ಅವ್ಳ ಕೈ ತಪ್ಪಿರ್ಲಿಲ್ಲ," ಎಂದಳು. "ಕಮಾನಿಗೆ ನಾನೇ ಸೋಪು ಹಚ್ಚಿ ಕೊಟ್ಟಿದ್ದೆ."

ಕ್ಷೌರಿಕ ಬಾಯಿಗಿಟ್ಟ ಕ್ಲಾರಿನೆಟ್ಟನ್ನು ಹಾಗೇ ಇಳಿಸಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಇಂಥದ್ದಕ್ಕೆ ಏನು ಮಾಡಬೇಕೆಂದು ನಮ್ಮಲ್ಲಿ ಪದ್ಧತಿಯೇ ಇಲ್ಲ, ಇದುವರೆಗೆ ಯಾರೂ ಮಾಡಿರಲಿಲ್ಲ ಎಂದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮುಖ ಕೆಂಪಾದದ್ದು ಓರಗಿತ್ತಿಯದು.

"ಯಾಕಕ್ಕ ಹೇಳೋಕ್ ಹೋದ್ರಿ? ಮುಗಿದುಹೋಗಿತ್ತಲ್ಲ."

"ನಿಂಗೆ ಮುಗಿದಿತ್ತು. ನಿನ್ ಹಂಗಿನಲ್ಲಿ ಬದುಕೋಳು ನಾನು. ತಗೋ, ನುಡ್ಸು."

ಎಲ್ಲರಿಗೂ ಕಾಣುವಂತೆ ಕಮಾನನ್ನು ಎದೆಯ ಮುಂದೆ ಹಿಡಿದು ರಾಳ ಹಚ್ಚಿ ಕೊಟ್ಟಳು. ಓರಗಿತ್ತಿ ನುಡಿಸಿದಳು. ಆರು ನಿಮಿಷ ಬೇಕಾಗಲಿಲ್ಲ, ನಾಲ್ಕು ಉಸಿರಿನಲ್ಲಿ ತೀರ್ಮಾನವಾಯಿತು.

ಕಛೇರಿಯ ಸಂಜೆ ಪಿಟೀಲು ವೇದಿಕೆಯ ಮೇಲಿತ್ತು, ಸೀಟಕ್ಕ ಕೆಳಗೆ ಐದನೇ ಸಾಲಿನಲ್ಲಿದ್ದಳು. ವಾದ್ಯ ಒಂದೇ ಆದ ಮೇಲೆ ಅವಳು ವೇದಿಕೆಯಲ್ಲಿ ಕೂತು ಮಾಡುವುದೇನು? ಹನ್ನೊಂದು ವರ್ಷದಲ್ಲಿ ಮೊದಲ ಸಲ ಗುಂಪನ್ನು ಎದುರಿನಿಂದ ನೋಡುತ್ತಿದ್ದಳು. ಎಡಕ್ಕೆ ಅತ್ತೆ ಕೂತಿದ್ದರು. ಒಂಟಿ ಭಾಗ ಶುರುವಾದ ಕೂಡಲೇ ಅವರ ಕಣ್ಣು ಮುಚ್ಚಿತು. ಬಲಕ್ಕೆ ಯಾರೋ ಅಪರಿಚಿತ ಹೆಂಗಸು. ಅವಳು ನಡುವೆ ಬಾಗಿ, ಎಷ್ಟು ಚೆನ್ನಾಗಿ ನುಡಿಸುತ್ತಾಳಲ್ಲವೇ ಎಂದು ಪಿಸುಗುಟ್ಟಿದಳು.

"ಪಿಟೀಲು ನಂದು," ಎಂದುಬಿಟ್ಟಳು ಸೀಟಕ್ಕ.

ಆ ಹೆಂಗಸಿಗೆ ಇದನ್ನೇಕೆ ಹೇಳಿದಳೆಂದು ತಿಳಿಯಲಿಲ್ಲ. ಸೌಜನ್ಯಕ್ಕೆಂದು ಕೇಳಿದಳು.

"ಹೌದಾ? ಹಾಗಾದ್ರೆ ನೀವೂ ನುಡಿಸ್ತೀರಾ?"

ಹೌದು ಎಂದಷ್ಟೇ ಹೇಳಿ ಬಾಯಿ ಮುಚ್ಚಬಹುದಿತ್ತು. ಯಾರೂ ಪರೀಕ್ಷೆ ಮಾಡಲು ಬರುತ್ತಿರಲಿಲ್ಲ.

"ನುಡಿಸ್ತೀನಿ. ಅವ್ಳಷ್ಟು ಚೆನ್ನಾಗಿ ಅಲ್ಲ."

ಬಾಯಿಬಿಟ್ಟು ಹೇಳಿದರೆ ಒಳಗೆ ತಣ್ಣಗಾಗಬಹುದೆಂದು ಒಂದು ಕ್ಷಣ ಕಾದಳು. ಆಗಲಿಲ್ಲ, ಹೊಟ್ಟೆ ಮೊದಲಿನಂತೆಯೇ ಉರಿಯುತ್ತಿತ್ತು. ಪಕ್ಕದವಳು ಆಗಲೇ ವೇದಿಕೆಯ ಕಡೆ ತಿರುಗಿದ್ದಳು. ಒಂಟಿ ಭಾಗ ಇನ್ನೂ ಎರಡು ನಿಮಿಷ ಬಾಕಿಯಿತ್ತು. ಸೀಟಕ್ಕ ಎದ್ದು ಹೋಗಲಿಲ್ಲ. ಕೂತು, ಒಂದು ಸ್ವರವನ್ನೂ ಬಿಡದೆ ಕೇಳಿದಳು.