ಮದ್ದೂರು, ಮಳವಳ್ಳಿ ಎಂಬ ಎರಡು ಮೊಲ

ನನ್ನ ಮುಂದಿದ್ದ ಹೆಂಗಸು ಎಡಗೈಯಲ್ಲಿ ಗೆಡ್ಡೆಕೋಸನ್ನು ಹಿಡಿದು, ಬಲಗೈಯಲ್ಲಿ ಅದರ ಸೊಪ್ಪನ್ನೆಲ್ಲ ಒಟ್ಟುಗೂಡಿಸಿ, ಕೋಳಿಯ ಕತ್ತು ಮುರಿಯುವ ಹಾಗೆ ಒಂದೇ ಸಲ ತಿರುವಿದಳು. ಲಟ್ ಎಂದಿತು. ಸೊಪ್ಪು ಪಕ್ಕದ ರಟ್ಟಿನ ಪೆಟ್ಟಿಗೆಗೆ ಬಿತ್ತು, ಬೋಳು ಗೆಡ್ಡೆ ಅವಳ ಬುಟ್ಟಿಗೆ ಹೋಯಿತು. ಅವಳ ಹಿಂದಿದ್ದ ಮುದುಕನೂ ಹಾಗೆಯೇ ಮಾಡಿದ. ಮೂಲಂಗಿ ಕೊಂಡವರೂ ಅಷ್ಟೇ. ಪೆಟ್ಟಿಗೆ ತುಂಬಿ ತುಳುಕುತ್ತಿತ್ತು, ಒಂದು ಹುಳು ಮುಟ್ಟಿದ ಗುರುತಿಲ್ಲದ ಎಳೆಯ ಸೊಪ್ಪು. ಪೂರ್ವ ಜರ್ಮನಿಯ ಒಂದು ಸಣ್ಣ ಊರಿನ ದಿನಸಿ ಅಂಗಡಿಯಲ್ಲಿ, ಬಂದ ಎರಡನೆಯ ವಾರ, ನಾನು ಆ ಪೆಟ್ಟಿಗೆಯ ಮುಂದೆ ನಿಂತೇ ಇದ್ದೆ. ಬಸ್ಸಾರು ನೆನಪಾಗಿ ಬಾಯಲ್ಲಿ ನೀರೂರಿತ್ತು.

ಎರಡನೆಯ ವಾರ ಎಂದು ಬರೆದೆ, ಮೂರನೆಯದೂ ಇರಬಹುದು. ಮಂಡ್ಯದ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಹೇಳಿದವನು ನಾನು. ಯಾರಾದರೂ ತಮ್ಮ ನೆನಪನ್ನು ಸಾಕ್ಷಿಯಾಗಿ ತಂದರೆ, ಹಾಗೆ ನೆನೆಸಿಕೊಳ್ಳುವುದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳಿ ಅಂತ ಹುಡುಗರಿಗೆ ಹೇಳುತ್ತಿದ್ದೆ. ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳಬೇಕಾಗಿ ಬರುತ್ತದೆ ಎಂದು ಆಗ ಅನಿಸಿರಲಿಲ್ಲ.

ಇಲ್ಲಿಗೆ ಬಂದದ್ದು ಹೆಂಡತಿ ಸವಿತಾಳ ಬೆನ್ನಿಗೆ. ಅವಳು ಮಳವಳ್ಳಿ ಕಡೆಯವಳು, ನರ್ಸು. ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ. ನಾನು ಬರಬೇಕಾದರೆ ಇಬ್ಬರಿಗೆ ಸಾಲುವ ಮನೆ ಇದೆ ಎಂದು ಕಾಗದ ತೋರಿಸಬೇಕಿತ್ತು. ಆ ಮನೆ ಸಿಗುವುದಕ್ಕೆ ಅವಳು ಏಳು ತಿಂಗಳು ಅಲೆದಳು. ಕೊನೆಗೆ ಸಿಕ್ಕಿದ್ದು ಮೂರನೆಯ ಮಹಡಿಯಲ್ಲಿ ಒಂದೂವರೆ ಕೋಣೆ. ಕೆಳಗಿನ ಮಹಡಿಯಲ್ಲಿ ಮನೆಯೊಡತಿ. ಒಪ್ಪಂದದ ಜೊತೆಗೆ ಹನ್ನೊಂದು ಪುಟದ 'ಹೌಸ್‌ಓರ್ಡ್‌ನುಂಗ್', ಎಂದರೆ ಮನೆಯ ನಿಯಮಾವಳಿ. ಭಾನುವಾರ ಮೊಳೆ ಹೊಡೆಯಬಾರದು, ಮೆಟ್ಟಿಲನ್ನು ಸರದಿಯ ವಾರದಲ್ಲಿ ಗುಡಿಸಬೇಕು, ಪ್ರಾಣಿ ಸಾಕಬಾರದು. ಕೊನೆಯದಕ್ಕೆ ಒಡತಿ ಪೆನ್ನಿನಿಂದ ಎರಡು ಗೆರೆ ಎಳೆದು ಕೊಟ್ಟಿದ್ದಳು.

ಇಲ್ಲಿನ ಭಾಷೆಯ ಪರೀಕ್ಷೆ ಮುಗಿಯದೆ ನನಗೆ ಯಾರೂ ಕೆಲಸ ಕೊಡುವುದಿಲ್ಲ. ಸವಿತಾ ಬೆಳಗಿನ ಪಾಳಿಗೆ ಹೋದರೆ ನಾನು, ಕಿಟಕಿ, ಎದುರಿನ ಬೂದು ಗೋಡೆ. ನಡೆದು ಹೋಗುವಷ್ಟು ದೂರದಲ್ಲಿರುವುದು ಒಂದೇ ಅಂಗಡಿ. ಅದಕ್ಕೊಂದು ಸಣ್ಣ ಕಂಬಿಯ ಬಾಗಿಲು, ಒಳಕ್ಕೆ ಮಾತ್ರ ತೆರೆಯುತ್ತದೆ. ಒಳಗೆ ಹೋದವನು 'ಕಾಸ್ಸೆ', ಎಂದರೆ ಹಣ ಕಟ್ಟುವ ಮೇಜು, ಅದರ ಮುಂದಿನ ಸಾಲಿನಲ್ಲೇ ಹೊರಗೆ ಬರಬೇಕು. ಬರಿಗೈಲಿ ಬರುವವನು ಸಾಲಿನವರನ್ನೆಲ್ಲ ಒತ್ತರಿಸಿಕೊಂಡು, ಅವರ ಕಣ್ಣೆದುರೇ ದಾಟಬೇಕು. ನನಗೆ ಅದು ಆಗುತ್ತಿರಲಿಲ್ಲ. ಹೊರಗೆ ಬರುವುದಕ್ಕೋಸ್ಕರ ಏನಾದರೊಂದು ಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಒಡೆಯದ ಐದು ಪೊಟ್ಟಣ ಉಪ್ಪಿತ್ತು.

ಮಂಡ್ಯದಲ್ಲಿ ನಾನು ತರಕಾರಿ ಕೊಳ್ಳುತ್ತಿದ್ದ ಜಾಗಕ್ಕೆ ಬಾಗಿಲೇ ಇರಲಿಲ್ಲ. ನೆಲಕ್ಕೆ ಹಾಸಿದ ಒಂದು ಟಾರ್ಪಾಲು, ಅದರ ಹಿಂದೆ ಪುಟ್ಟಮ್ಮ. ಏನೂ ಕೊಳ್ಳದೆ ಹೊರಟರೆ, "ಮುಟ್ಟಿ ಮುಟ್ಟಿ ಬಾಡುಸ್ಬುಟ್ಟು ಓಯ್ತಾವ್ರೆ ನೋಡು ಮೇಷ್ಟ್ರು" ಎಂದು ಬೀದಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ಆ ಬೈಗುಳದೊಳಗೆ ನನಗೊಂದು ಹೆಸರಿತ್ತು. ಇಲ್ಲಿ ಯಾರೂ ಬೈಯುವುದಿಲ್ಲ.

ಅವತ್ತು ಆ ಸೊಪ್ಪನ್ನು ಒಂದು ಚೀಲಕ್ಕೆ ತುಂಬಿಕೊಂಡು ಕಾಸ್ಸೆಗೆ ಹೋದೆ. ಮೇಜಿನಲ್ಲಿ ಕೂತಿದ್ದವಳು ಅರುವತ್ತರ ಹತ್ತಿರದ ಹೆಂಗಸು, ಎದೆಯ ಮೇಲಿನ ಫಲಕದಲ್ಲಿ ಬೆರ್ಗರ್ ಎಂದಿತ್ತು. ಚೀಲವನ್ನು ನೋಡಿ ಮೊದಲ ಸಲ ನನ್ನ ಮುಖ ನೋಡಿದಳು.

"ಮೊಲಕ್ಕಾ?" ಎಂದಳು.

ಮೊಲ ಎಂಬುದಕ್ಕೆ ಅವರ ಮಾತು ನನಗೆ ಗೊತ್ತಿತ್ತು. ಭಾಷಾ ತರಗತಿಯ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಅಲ್ಲ, ನಮಗೆ, ಎನ್ನುವುದಕ್ಕೂ ಮಾತು ಗೊತ್ತಿತ್ತು. ಆದರೆ ಹಿಂದೆ ಆರು ಜನ ನಿಂತಿದ್ದರು. ಅವರು ಮೊಲಕ್ಕೆ ಹಾಕುವುದನ್ನು ನಾವು ಉಣ್ಣುತ್ತೇವೆ ಎಂದು ಆರು ಜನರೆದುರು ಹೇಳಲು ನಾಲಿಗೆ ಏಳಲಿಲ್ಲ.

"ಹೌದು," ಎಂದೆ.

"ಎಷ್ಟಿವೆ?"

"ಎರಡು."

"ಹೆಸರು?"

ಸುಳ್ಳಿಗೆ ಇಷ್ಟು ಬೇಗ ಹೆಸರು ಬೇಕಾಗುತ್ತದೆ ಎಂದುಕೊಂಡಿರಲಿಲ್ಲ. "ಮದ್ದೂರು. ಮಳವಳ್ಳಿ," ಎಂದುಬಿಟ್ಟೆ. ಮದ್ದೂರು ನನ್ನ ತಾಲ್ಲೂಕು, ಮಳವಳ್ಳಿ ಸವಿತಾಳದು. ಆಕೆ ಎರಡನ್ನೂ ಬಾಯಲ್ಲಿ ಹೊರಳಿಸಿ ನೋಡಿ, ಚೆನ್ನಾಗಿವೆ ಎಂದು ತಲೆಯಾಡಿಸಿದಳು.

ಸಂಜೆ ಸವಿತಾಳಿಗೆ ಹೇಳಿದೆ. ಅವಳು ಬೂಟು ಬಿಚ್ಚುತ್ತಿದ್ದವಳು ಹಾಗೇ ಕೂತಳು.

"ಎಲ್ಡು ಅಂದ್ರಾ? ಒಂದು ಅಂದಿದ್ರೆ ಆಯ್ತಿರ್ನಿಲ್ವಾ?"

"ಇಬ್ಬರಿಗೆ ಬೇಕಾದಷ್ಟು ಸೊಪ್ಪಿತ್ತು ಕಣೆ."

"ಊರ್ನಲ್ಲಿ ಮಕ್ಕಳಿಗೆ ಸುಳ್ಳು ಯೋಳ್ಬ್ಯಾಡಿ ಅಂತ ಪಾಠ ಮಾಡ್ತಿದ್ದೋರು. ಇಲ್ಲಿ ನನ್ನ ಮೊಲ ಮಾಡುದ್ರಿ." ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಕೆಳಗಿನೋಳೂ ಅದೇ ಅಂಗಡಿಗೇ ಓಗೋದು ಕಣ್ರೀ. ಮನೆ ಓದ್ರೆ ಇನ್ನೊಂದು ಮನೆ ಎಲ್ಲದೆ?"

ಅವತ್ತಿನ ಬಸ್ಸಾರು ಚೆನ್ನಾಗಿತ್ತು. ಇಲ್ಲಿನ ಕಂದು ಬೇಳೆಯ ಜೊತೆ ಸೊಪ್ಪು ಬೇಯಿಸಿ, ಕಟ್ಟು ಬಸಿದು, ಊರಿನಿಂದ ತಂದ ಖಾರದ ಪುಡಿ ಹಾಕಿ ಕುದಿಸಿದೆ. ಅವ್ವ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಗೆಡ್ಡೆಕೋಸಿನ ಸೊಪ್ಪು ಬಿಡಿಸುತ್ತಿದ್ದದ್ದು, ಅದರ ನಾರು ಎಳೆಯುತ್ತಿದ್ದದ್ದು, ಬಸಿಯುವಾಗ ಸೆರಗಿನಿಂದ ಪಾತ್ರೆ ಹಿಡಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವ್ವ ತೀರಿಕೊಂಡು ಹದಿನಾಲ್ಕು ವರ್ಷ. ಅಷ್ಟು ಸ್ಪಷ್ಟವಾಗಿ ಅವಳನ್ನು ಊರಿನಲ್ಲೂ ನೆನೆಸಿಕೊಂಡಿರಲಿಲ್ಲ.

ಅದಾದ ಮೇಲೆ ಪ್ರತಿ ಶನಿವಾರ ಬೆರ್ಗರ್ ಮೇಜಿನ ಕೆಳಗಿಂದ ಒಂದು ಚೀಲ ಎತ್ತಿ ಕೊಡುತ್ತಿದ್ದಳು. ಬಾಡಿದ್ದನ್ನು ತೆಗೆದು, ಒಳ್ಳೆಯ ಸೊಪ್ಪನ್ನೇ ಆರಿಸಿಟ್ಟಿರುತ್ತಿದ್ದಳು. "ಮದ್ದೂರು ಹೇಗಿದೆ?" ಎಂದು ಕೇಳುತ್ತಿದ್ದಳು. "ಚೆನ್ನಾಗಿ ತಿನ್ನುತ್ತಿದೆ," ಎನ್ನುತ್ತಿದ್ದೆ. "ಮಳವಳ್ಳಿ?" "ಅದಕ್ಕೆ ಸ್ವಲ್ಪ ಕೋಪ ಜಾಸ್ತಿ." ನನ್ನ ವ್ಯಾಕರಣದ ತಪ್ಪನ್ನು ಆಕೆ ಮೆಲ್ಲಗೆ ತಿದ್ದುತ್ತಿದ್ದಳು. ವಾರವಿಡೀ ನಾನು ಆ ನಾಲ್ಕು ವಾಕ್ಯಗಳನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಆ ಊರಿನಲ್ಲಿ ನನ್ನೂರಿನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದವಳು ಅವಳೊಬ್ಬಳೇ. ನಿಜ ಹೇಳಿಬಿಡೋಣ ಎಂದು ಎಷ್ಟೋ ಶನಿವಾರ ಹೊರಟೆ, ಚೀಲ ಹಿಡಿದುಕೊಂಡು ವಾಪಸ್ಸು ಬಂದೆ.

ಚಳಿಗಾಲ ಕಳೆಯುತ್ತಿದ್ದಾಗ ಬಾಗಿಲ ಸಂದಿಯಲ್ಲಿ ಒಡತಿಯ ಒಂದು ಕಾಗದ ಬಂತು. ಮನೆಯಲ್ಲಿ ಎರಡು ಮೊಲ ಸಾಕಿದ್ದೀರೆಂದು ತಿಳಿದುಬಂದಿದೆ, ಇದು ಒಪ್ಪಂದಕ್ಕೆ ವಿರುದ್ಧ, ಶುಕ್ರವಾರ ನಾಲ್ಕು ಗಂಟೆಗೆ ನೋಡಲು ಬರುತ್ತೇನೆ. ಸವಿತಾ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಅವಳು ಬೈಯದಿದ್ದದ್ದಕ್ಕೇ ನನಗೆ ಭಯವಾಯಿತು.

ಶುಕ್ರವಾರ ಸವಿತಾ ಪಾಳಿಯಲ್ಲಿದ್ದಳು. ಒಡತಿ ನಾಲ್ಕಕ್ಕೆ ಸರಿಯಾಗಿ ಬಂದು, ಚಪ್ಪಲಿ ಬಿಟ್ಟು, ಮಂಚದ ಕೆಳಗೆ ಬಗ್ಗಿ ನೋಡಿದಳು. ಬಟ್ಟೆಯ ಬೀರು ತೆಗೆಸಿದಳು. ಅಡಿಗೆಮನೆಯ ಸಿಂಕಿನಲ್ಲಿ ನೆನೆಯುತ್ತಿದ್ದ ಸೊಪ್ಪಿನ ರಾಶಿಯನ್ನು ಕಂಡು ನನ್ನ ಕಡೆ ತಿರುಗಿದಳು.

"ಎಲ್ಲಿ ಬಚ್ಚಿಟ್ಟಿದ್ದೀರಿ?"

ಇಲ್ಲದ ಮೊಲವನ್ನು ಇಲ್ಲ ಎಂದು ರುಜುವಾತು ಮಾಡುವುದು ಹೇಗೆಂದು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದೆ. ನಿನ್ನೆಯ ಬಸ್ಸಾರು. ಒಂದು ಸೌಟು ಎತ್ತಿ ತೋರಿಸಿದೆ.

"ಮೊಲ ಇಲ್ಲ. ಮೊಲ ನಾವೇ. ನಾವು ತಿನ್ನುತ್ತೇವೆ. ನಮ್ಮೂರಿನಲ್ಲಿ ಎಲ್ಲರೂ ತಿನ್ನುತ್ತಾರೆ, ನನ್ನ ತಾಯಿ ಮಾಡುತ್ತಿದ್ದಳು," ಎಂದೆ. ಮೂರು ತಿಂಗಳಲ್ಲಿ ನಾನು ತಪ್ಪಿಲ್ಲದೆ ಆಡಿದ ಅತಿ ಉದ್ದದ ಜರ್ಮನ್ ಮಾತು ಅದು.

ಆಕೆ ಚಮಚ ಕೇಳಿದಳು. ರುಚಿ ನೋಡಿ ಕೆಮ್ಮಿದಳು, ನೀರು ಕುಡಿದಳು, ಕಣ್ಣೊರೆಸಿಕೊಂಡಳು. ತನ್ನ ಕಾಗದದಲ್ಲಿ ಏನೋ ಬರೆದು, "ಪ್ರಾಣಿ ಇಲ್ಲ," ಎಂದು ನನಗೆ ಓದಿ ಹೇಳಿದಳು. ಹೋಗುವಾಗ ಬಾಗಿಲಲ್ಲಿ ನಿಂತು, ಇದನ್ನು ಮಾಡುವಾಗ ಕಿಟಕಿ ತೆಗೆಯಬೇಕು ಎಂದಳು. ನಿಯಮಾವಳಿಗೆ ಹನ್ನೆರಡನೆಯ ಪುಟ ಸೇರಿತು. ಮನೆ ಉಳಿಯಿತು.

ಆ ಖುಷಿಯಲ್ಲಿ ಅಕ್ಕನಿಗೆ ಫೋನು ಮಾಡಿದೆ. ಅವಳನ್ನು ಮಂಡ್ಯದ ಹತ್ತಿರದ ಹೊಳಲಿಗೆ ಮದುವೆ ಮಾಡಿ ಕೊಟ್ಟಿದೆ. ಮೊಲದ ಕತೆ ಕೇಳಿ ಅವಳು ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ, "ಅದು ಸರಿ, ಅವ್ವ ಯಾವತ್ಲಾ ಗೆಡ್ಡೆಕೋಸಿನ ಸೊಪ್ನಲ್ಲಿ ಬಸ್ಸಾರು ಮಾಡಿತ್ತು?" ಎಂದಳು.

"ಮಾಡ್ತಿರಲಿಲ್ವಾ? ಒಲೆ ಮುಂದೆ ಕೂತು ನಾರು ಎಳೀತಿದ್ದದ್ದು ನಂಗೆ ಚೆನ್ನಾಗಿ ನೆನಪಿದೆ."

"ಅದು ದಂಟಿನ ಸೊಪ್ಪು ಕಣ್ಲಾ ಮಂಜ. ಗೆಡ್ಡೆಕೋಸುಂದ ಎಮ್ಮೆಗಾಕ್ತಿತ್ತು. ನೀನೇ ಒತ್ಕೊಂಡೋಗಿ ಆಕ್ತಿದ್ದೆ, ಮರ್ತುಬುಟ್ಟಾ?"

ಎಮ್ಮೆ ನೆನಪಿದೆ. ಸೊಪ್ಪು ಹೊತ್ತದ್ದು ನೆನಪಿಲ್ಲ. ಅಕ್ಕನ ನೆನಪನ್ನೂ ನಾನು ಸುಲಭಕ್ಕೆ ಒಪ್ಪುವವನಲ್ಲ. ಆದರೆ ಹಾಗೆ ನೆನೆಸಿಕೊಳ್ಳುವುದರಿಂದ ಅವಳಿಗೆ ಯಾವ ಲಾಭವೂ ಇರಲಿಲ್ಲ. ಲಾಭ ಇದ್ದದ್ದು ನನಗೆ. ಪರದೇಶದ ಅಂಗಡಿಯ ಕಸದ ಪೆಟ್ಟಿಗೆಗೆ ಕೈ ಹಾಕಬೇಕಾಗಿತ್ತು, ಅದಕ್ಕೆ ಅವ್ವನನ್ನು ಒಲೆಯ ಮುಂದೆ ಕೂರಿಸಿಕೊಂಡೆ. ಒಡತಿಗೆ ನಾನು ಎದೆಯುಬ್ಬಿಸಿ ಹೇಳಿದ ನಿಜವೂ ಸುಳ್ಳಾಯಿತು.

ಮಾರನೆಯ ದಿನ ಬೆಳಿಗ್ಗೆ, ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಬೆರ್ಗರ್ ಹತ್ತಿರ ಹೋದೆ. ಮೊಲ ಇಲ್ಲ ಎಂದೆ. ಸತ್ತುಹೋದವೇ ಎಂದು ಅವಳು ಎದ್ದು ನಿಂತಳು. ಅಲ್ಲ, ಯಾವತ್ತೂ ಇರಲಿಲ್ಲ, ಊರಿನಲ್ಲಿ ಇದನ್ನು ಎಮ್ಮೆ ತಿನ್ನುತ್ತದೆ, ಇಲ್ಲಿ ನಾವು ತಿನ್ನುತ್ತೇವೆ ಎಂದೆ. ಆಕೆ ಮತ್ತೆ ಕುರ್ಚಿಗೆ ಕೂತಳು. ಮೋಸ ಹೋದವರ ಮುಖ ಅದು, ಭಾಷೆ ಬರದಿದ್ದರೂ ತಿಳಿಯುತ್ತದೆ.

"ಹಾಗಾದರೆ ಮದ್ದೂರು ಯಾರು?" ಎಂದಳು.

"ಊರು. ನನ್ನದು. ಮಳವಳ್ಳಿ ನನ್ನ ಹೆಂಡತಿಯದು. ಬಸ್ಸಿನಲ್ಲಿ ಒಂದು ಗಂಟೆ."

ಅವಳು ನನ್ನ ಉಪ್ಪಿನ ಪೊಟ್ಟಣವನ್ನು ಯಂತ್ರಕ್ಕೆ ತೋರಿಸಿದಳು. ಅದು ಆರನೆಯದು.

ವಾರದ ನಡುವೆ ಅಕ್ಕ ತಾನಾಗಿ ಫೋನು ಮಾಡಿದಳು. ನನ್ನ ಮಾತು ಕೇಳಿ ಗೆಡ್ಡೆಕೋಸಿನ ಸೊಪ್ಪಿನಲ್ಲಿ ಬಸ್ಸಾರು ಮಾಡಿದ್ದಳಂತೆ. "ಚೆನ್ನಾಗೇ ಅದೆ ಕಣ್ಲಾ. ನಿಮ್ ಭಾವ ಎಲ್ಡು ಸಲ ಬುಡುಸ್ಕೊಂಡ್ರು. ಸುಮ್ನೆ ಎಮ್ಮೆಗಾಕಿ ಹಾಳ್ಮಾಡ್ದೋ." ಊರಿನದೆಂದು ನಾನು ಇಲ್ಲಿ ಕಟ್ಟಿಕೊಂಡ ಸಾರು ಈಗ ಊರಿನಲ್ಲಿ ಕುದಿಯುತ್ತಿದೆ, ನಾನಿಲ್ಲದೆ. ಇನ್ನು ಹತ್ತು ವರ್ಷಕ್ಕೆ ಅಕ್ಕನೇ ಅದನ್ನು ಅವ್ವನ ಕಾಲದ್ದು ಎಂದರೆ ನಾನು ಯಾವ ಬಾಯಲ್ಲಿ ಅಲ್ಲ ಎನ್ನಲಿ.

ಶನಿವಾರ ಅಂಗಡಿಗೆ ಹೋಗುವ ಮನಸ್ಸಿರಲಿಲ್ಲ. ಬೇರೆ ಅಂಗಡಿಯೂ ಇರಲಿಲ್ಲ. ಕಂಬಿಯ ಬಾಗಿಲು ಒಳಕ್ಕೆ ತೆರೆದು ಹಿಂದೆ ಮುಚ್ಚಿಕೊಂಡಿತು. ಸೊಪ್ಪಿನ ಪೆಟ್ಟಿಗೆಯ ಕಡೆ ನೋಡದೆ ಒಂದು ಬ್ರೆಡ್ಡು ತೆಗೆದುಕೊಂಡು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬೆರ್ಗರ್ ಮೇಜಿನ ಕೆಳಗೆ ಬಗ್ಗಿ ಚೀಲ ಎತ್ತಿಟ್ಟಳು. ಆರಿಸಿಟ್ಟ ಸೊಪ್ಪು, ಈ ಸಲ ತೊಳೆದದ್ದು.

"ಮದ್ದೂರು ಹೇಗಿದೆ?" ಎಂದಳು.

ಅದು ಮೊಲವಾಗಿದ್ದಾಗ ಉತ್ತರ ಸುಲಭವಿತ್ತು. ಈಗ ಅವಳು ಕೇಳುತ್ತಿದ್ದದ್ದು ಊರನ್ನು. ಹೊಸ ಹೆದ್ದಾರಿ ಊರಾಚೆ ಹೋದ ಮೇಲೆ ಬಸ್ ನಿಲ್ದಾಣದ ಎದುರಿನ ಅಂಗಡಿಗಳಲ್ಲಿ ಯಾವುದು ಉಳಿದಿದೆ, ಈ ವರ್ಷ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಪುಟ್ಟಮ್ಮ ಇನ್ನೂ ಅದೇ ಜಾಗದಲ್ಲಿ ಟಾರ್ಪಾಲು ಹಾಸುತ್ತಾಳೋ, ಒಂದೂ ನನಗೆ ಗೊತ್ತಿರಲಿಲ್ಲ. ಪುಟ್ಟಮ್ಮ ಕೂರುತ್ತಿದ್ದದ್ದು ಮಂಡ್ಯದಲ್ಲಿ, ಮದ್ದೂರಿನಲ್ಲಲ್ಲ ಎಂಬುದೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಆಕೆ ಕಾಯುತ್ತಿದ್ದಳು.

"ಚೆನ್ನಾಗಿ ತಿನ್ನುತ್ತಿದೆ," ಎಂದೆ.